ಯೂರೋವಿಷನ್ ವೀಕ್ಷಣಾ ಕೂಟ ಏರ್ಪಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೇ ತಿಂಗಳು ಹತ್ತಿರವಾದಂತೆ ಯೂರೋಪಿನ ಊರುಗಳಲ್ಲಿ ನೆಲೆಸಿರುವ ಕನ್ನಡಿಗರು ಈ ಪ್ರಶ್ನೆಗಳನ್ನು ಕೇಳುತ್ತಾರೆ. ಬೆಂಗಳೂರಿನಲ್ಲಿ ನಿದ್ದೆಗೆಟ್ಟು ಈ ಸ್ಪರ್ಧೆಯನ್ನು ನೋಡುವ ಕೆಲವರೂ ಕೇಳುತ್ತಾರೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇವೆ. ಉತ್ತರಗಳ ಹಿಂದೆ ಎರಡು ನಂಬಿಕೆಗಳಿವೆ: ಕೂಟಕ್ಕೆ ಬಂದ ಪ್ರತಿಯೊಬ್ಬರ ಕೈಯಲ್ಲೂ ಅಂಕ ಕೊಡುವ ಅಧಿಕಾರವಿರಬೇಕು, ಮತ್ತು ಒಂದು ಹಾಡು ನಡೆಯುತ್ತಿರುವ ಮೂರು ನಿಮಿಷ ಮನೆಯಲ್ಲಿ ಎಲ್ಲರೂ ಆ ಹಾಡನ್ನು ಕೇಳಬೇಕು. ಅಲಂಕಾರ, ಅಡುಗೆ, ಆಟಗಳೆಲ್ಲ ಇವೆರಡಕ್ಕೆ ಒತ್ತಾಸೆಯಾಗಿದ್ದರೆ ಕೂಟ ಚೆನ್ನಾಗಿ ನಡೆಯುತ್ತದೆ.

## ಮೊದಲ ಸಲ ಏರ್ಪಡಿಸುವವರಿಗೆ

ಯೂರೋವಿಷನ್ ಅಂದರೆ ಏನು? ಒಂದು ಟೀವಿ ಕಾರ್ಯಕ್ರಮ ನೋಡಲು ಮನೆ ತುಂಬ ಜನರನ್ನು ಕರೆಯುವಂಥದ್ದು ಅದರಲ್ಲೇನಿದೆ?

ಇದು ಯೂರೋಪಿನ ಸಾರ್ವಜನಿಕ ಪ್ರಸಾರ ಸಂಸ್ಥೆಗಳ ಒಕ್ಕೂಟವಾದ ಯೂರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ ನಡೆಸುವ ಗೀತಸ್ಪರ್ಧೆ. 1956ರ ಮೇ 24ರಂದು ಸ್ವಿಟ್ಜರ್ಲೆಂಡಿನ ಲುಗಾನೋ ನಗರದಲ್ಲಿ ಏಳು ದೇಶಗಳೊಂದಿಗೆ ಆರಂಭವಾದ ಸ್ಪರ್ಧೆ, ಕೋವಿಡ್ ಕಾರಣದಿಂದ ರದ್ದಾದ 2020ನ್ನು ಬಿಟ್ಟರೆ ಒಂದು ವರ್ಷವೂ ತಪ್ಪದೆ ನಡೆದುಕೊಂಡು ಬಂದಿದೆ. ಪ್ರತಿ ದೇಶವೂ ಒಂದು ಹೊಸ ಹಾಡನ್ನು ಕಳುಹಿಸುತ್ತದೆ. ಹಾಡು ಮೂರು ನಿಮಿಷ ಮೀರುವಂತಿಲ್ಲ, ವೇದಿಕೆಯ ಮೇಲೆ ಆರಕ್ಕಿಂತ ಹೆಚ್ಚು ಜನ ಇರುವಂತಿಲ್ಲ, ಮುಖ್ಯ ಗಾಯಕರು ಅಲ್ಲೇ ನಿಂತು ನೇರವಾಗಿ ಹಾಡಬೇಕು. ಗೆದ್ದ ದೇಶವೇ ಸಾಮಾನ್ಯವಾಗಿ ಮುಂದಿನ ವರ್ಷದ ಆತಿಥೇಯ. 2025ರಲ್ಲಿ ಬಾಸೆಲ್‌ನಲ್ಲಿ ಆಸ್ಟ್ರಿಯಾದ ಜೆಜೆ ಗೆದ್ದುದರಿಂದ 2026ರ ಸ್ಪರ್ಧೆ ವಿಯೆನ್ನಾಕ್ಕೆ ಹೋಯಿತು. 1974ರಲ್ಲಿ ಸ್ವೀಡನ್ನಿನ ಆಬಾ ತಂಡ, 1988ರಲ್ಲಿ ಸ್ವಿಟ್ಜರ್ಲೆಂಡಿನ ಪರವಾಗಿ ಹಾಡಿದ ಸೆಲೀನ್ ಡಿಯೋನ್, 2021ರಲ್ಲಿ ಇಟಲಿಯ ಮಾನೆಸ್ಕಿನ್ ಇದೇ ವೇದಿಕೆಯಲ್ಲಿ ಗೆದ್ದವರು.

ಕೂಟಕ್ಕೆ ಇದು ಒಗ್ಗುವುದಕ್ಕೆ ಅದರ ರಚನೆಯೇ ಕಾರಣ. ಮೊದಲ ಎರಡು ಗಂಟೆ ಹಾಡುಗಳು, ಕೊನೆಯ ಒಂದೂವರೆ ಗಂಟೆ ಮತ ಎಣಿಕೆ. ಹಾಡುಗಳನ್ನು ಒಬ್ಬರೇ ಕುಳಿತು ಕೇಳಿ ಸಂತೋಷಪಡಬಹುದು. ಎಣಿಕೆಯನ್ನು ಮಾತ್ರ ನಾಲ್ಕು ಜನರ ನಡುವೆ ಕುಳಿತೇ ನೋಡಬೇಕು.

ಭಾರತ ಯಾಕೆ ಇದರಲ್ಲಿ ಇಲ್ಲ? ಆಸ್ಟ್ರೇಲಿಯಾಕ್ಕೆ ಹೇಗೆ ಜಾಗ ಸಿಕ್ಕಿತು?

ಭಾಗವಹಿಸುವ ಹಕ್ಕು ಒಕ್ಕೂಟದ ಪೂರ್ಣ ಸದಸ್ಯರಾದ ಪ್ರಸಾರ ಸಂಸ್ಥೆಗಳದ್ದು. ಉತ್ತರ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಭಾಗಗಳನ್ನೂ ಒಳಗೊಂಡ ಯೂರೋಪಿಯನ್ ಪ್ರಸಾರ ವಲಯದೊಳಗೆ ಬರುವ ದೇಶಗಳಿಗೂ ಕೌನ್ಸಿಲ್ ಆಫ್ ಯೂರೋಪ್ ಸದಸ್ಯ ರಾಷ್ಟ್ರಗಳಿಗೂ ಆ ಸದಸ್ಯತ್ವ ಸಿಗುತ್ತದೆ. ಆದ್ದರಿಂದಲೇ ಇಸ್ರೇಲ್ 1973ರಿಂದ ಪಟ್ಟಿಯಲ್ಲಿದೆ, ಮೊರಾಕ್ಕೋ 1980ರಲ್ಲಿ ಒಮ್ಮೆ ಹಾಡಿತು, ಅಜರ್‌ಬೈಜಾನ್ 2008ರಲ್ಲಿ ಸೇರಿತು. ಆಸ್ಟ್ರೇಲಿಯಾ 2015ರಲ್ಲಿ ವಿಶೇಷ ಆಹ್ವಾನದ ಮೇಲೆ ಬಂತು. ಭಾರತದಿಂದ ಹಾಡು ಹೋಗುವುದಿಲ್ಲವಾದರೂ ಮತ ಹೋಗಬಹುದು: 2023ರಿಂದ ಭಾಗವಹಿಸದ ದೇಶಗಳ ಎಲ್ಲ ಆನ್‌ಲೈನ್ ಮತಗಳನ್ನು ಒಟ್ಟುಗೂಡಿಸಿ ಒಂದು ದೇಶದ ಮತದಂತೆ ಲೆಕ್ಕ ಹಿಡಿಯುತ್ತಾರೆ.

ಎಷ್ಟು ಗಂಟೆಗೆ ಶುರುವಾಗುತ್ತದೆ? ಜನರನ್ನು ಯಾವಾಗ ಬರಹೇಳಬೇಕು?

ಫೈನಲ್ ಶನಿವಾರ ಮಧ್ಯ ಯೂರೋಪಿನ ಸಮಯ ರಾತ್ರಿ 9 ಗಂಟೆಗೆ ಆರಂಭವಾಗಿ ಸುಮಾರು ನಾಲ್ಕು ಗಂಟೆ ನಡೆಯುತ್ತದೆ. ಆಗ ಲಂಡನ್ನಿನಲ್ಲಿ ರಾತ್ರಿ 8, ಹೆಲ್ಸಿಂಕಿಯಲ್ಲಿ 10, ದುಬೈನಲ್ಲಿ 11, ಕರ್ನಾಟಕದಲ್ಲಿ ಶನಿವಾರ ಕಳೆದು ನಡುರಾತ್ರಿ 12:30. ನ್ಯೂಯಾರ್ಕಿನಲ್ಲಿ ಮಧ್ಯಾಹ್ನ 3 ಗಂಟೆಯಾದ್ದರಿಂದ ಅಮೆರಿಕದ ಕನ್ನಡಿಗರಿಗೆ ಇದು ಮಕ್ಕಳು ಮರಿಗಳೊಂದಿಗೆ ಹಗಲಿನಲ್ಲೇ ಮಾಡಬಹುದಾದ ಕೂಟ. ಸಿಡ್ನಿಯವರಿಗೆ ಭಾನುವಾರ ನಸುಕಿನ 5 ಗಂಟೆಯ ಉಪಾಹಾರ ಕೂಟ.

ಅತಿಥಿಗಳನ್ನು ಒಂದು ಗಂಟೆ ಮುಂಚೆ ಬರಹೇಳಿರಿ. ಮೊದಲ ಹಾಡು ಶುರುವಾದ ಮೇಲೆ ಬಾಗಿಲು ತೆರೆಯುವುದು, ಚಪ್ಪಲಿ ಬಿಡಿಸುವುದು, ಕುಶಲ ಕೇಳುವುದು ಎಲ್ಲ ಸೇರಿ ಆರಂಭದ ಮೂರು ನಾಲ್ಕು ದೇಶಗಳು ಯಾರ ಕಿವಿಗೂ ಬೀಳದೆ ಹೋಗುತ್ತವೆ. ಆ ಗಾಯಕರಿಗೆ ನಿಮ್ಮ ಮನೆಯಲ್ಲಿ ಅನ್ಯಾಯವಾದಂತೆ.

ಎಲ್ಲಿ ನೋಡುವುದು? ಟೀವಿಯಲ್ಲಿ ಬರುತ್ತದಾ, ಯೂಟ್ಯೂಬ್ ಸಾಕಾ?

ಭಾಗವಹಿಸುವ ದೇಶಗಳಲ್ಲಿ ಅಲ್ಲಿನ ಸಾರ್ವಜನಿಕ ವಾಹಿನಿ ಉಚಿತವಾಗಿ ತೋರಿಸುತ್ತದೆ: ಬ್ರಿಟನ್ನಿನಲ್ಲಿ ಬಿಬಿಸಿ, ಜರ್ಮನಿಯಲ್ಲಿ ಎಆರ್‌ಡಿ, ಸ್ವೀಡನ್ನಿನಲ್ಲಿ ಎಸ್‌ವಿಟಿ. ಬ್ರಿಟನ್ನಿನಲ್ಲಿ ನೇರಪ್ರಸಾರ ನೋಡಲು ಮನೆಗೆ ಟೀವಿ ಲೈಸೆನ್ಸ್ ಇರಬೇಕು ಎಂಬುದು ನೆನಪಿರಲಿ. ಪ್ರಸಾರದ ಹಕ್ಕು ಬೇರೆ ಯಾರಿಗೂ ಹೋಗಿಲ್ಲದ ದೇಶಗಳಲ್ಲಿ ಸ್ಪರ್ಧೆಯ ಅಧಿಕೃತ ಯೂಟ್ಯೂಬ್ ವಾಹಿನಿಯೇ ಸಾಮಾನ್ಯವಾಗಿ ನೇರಪ್ರಸಾರ ಮಾಡುತ್ತದೆ. ಮಂಗಳವಾರದ ಸೆಮಿಫೈನಲ್ ದಿನ ಹತ್ತು ನಿಮಿಷ ಹಾಕಿ ಪರೀಕ್ಷಿಸಿಕೊಂಡರೆ ಶನಿವಾರದ ಆತಂಕ ತಪ್ಪುತ್ತದೆ.

ಸೆಮಿಫೈನಲ್‌ಗಳಿಗೂ ಜನರನ್ನು ಕರೆಯಬೇಕಾ, ಫೈನಲ್ ಒಂದೇ ಸಾಕಾ?

ಫೈನಲ್ ಸಾಕು. ಮಂಗಳವಾರ ಮತ್ತು ಗುರುವಾರದ ಸೆಮಿಫೈನಲ್‌ಗಳಿಂದ ತಲಾ ಹತ್ತು ಹಾಡುಗಳು ಫೈನಲ್‌ಗೆ ಬರುತ್ತವೆ. ಆತಿಥೇಯ ದೇಶ ಮತ್ತು ಹೆಚ್ಚು ಹಣ ತೊಡಗಿಸುವ ಕೆಲವು ದೊಡ್ಡ ದೇಶಗಳು ನೇರವಾಗಿ ಫೈನಲ್ ಸೇರುತ್ತವೆ. ಎರಡೇ ಗಂಟೆಯಲ್ಲಿ ಮುಗಿಯುವ ಸೆಮಿಫೈನಲ್ ಮನೆಯವರಷ್ಟೇ ಕುಳಿತು ನೋಡಲು ಚೆನ್ನ, ಕೂಟದ ಪೂರ್ವಾಭ್ಯಾಸಕ್ಕೂ ಅನುಕೂಲ.

ಬರುವವರು ಹಾಡುಗಳನ್ನು ಮೊದಲೇ ಕೇಳಿಕೊಂಡು ಬರಬೇಕಾ?

ಬೇಡ ಎಂಬುದು ನಮ್ಮ ದೃಢ ಅಭಿಪ್ರಾಯ. ಹಾಡುಗಳೆಲ್ಲ ಮಾರ್ಚ್ ಹೊತ್ತಿಗೆ ಅಧಿಕೃತ ವಾಹಿನಿಯಲ್ಲಿ ಸಿಗುತ್ತವೆ, ಅಭಿಮಾನಿಗಳು ನೂರಾರು ಸಲ ಕೇಳಿರುತ್ತಾರೆ, ಆದರೆ ಮತ ಹಾಕುವ ಕೋಟ್ಯಂತರ ವೀಕ್ಷಕರಲ್ಲಿ ಹೆಚ್ಚಿನವರು ಆ ರಾತ್ರಿಯೇ ಮೊದಲ ಸಲ ಕೇಳುವವರು. ಆ ಮೊದಲ ಬೆರಗನ್ನು ಅತಿಥಿಗಳಿಂದ ಕಸಿದುಕೊಳ್ಳಬಾರದು. ಕೂಟ ಏರ್ಪಡಿಸುವವರು ಮಾತ್ರ ಒಮ್ಮೆ ಎಲ್ಲವನ್ನೂ ಕೇಳಿ, ಪ್ರತಿ ಹಾಡಿನ ಭಾಷೆ ಯಾವುದು, ಸಾಹಿತ್ಯ ಯಾವುದರ ಬಗ್ಗೆ ಎಂದು ಒಂದು ಸಾಲು ಬರೆದಿಟ್ಟುಕೊಳ್ಳಬೇಕು. 1999ರಿಂದ ಯಾವ ಭಾಷೆಯಲ್ಲಾದರೂ ಹಾಡುವ ಸ್ವಾತಂತ್ರ್ಯವಿದೆ. ಹಾಗಿದ್ದೂ ತಮ್ಮ ನುಡಿಯಲ್ಲೇ ಹಾಡುವವರು ಬರುತ್ತಾರೆ, ಗೆಲ್ಲುತ್ತಾರೆ. 2017ರಲ್ಲಿ ಪೋರ್ಚುಗೀಸಿನಲ್ಲಿ ಹಾಡಿದ ಸಾಲ್ವಡೋರ್ ಸೊಬ್ರಾಲ್, 2022ರಲ್ಲಿ ಉಕ್ರೇನಿಯನ್ನಿನಲ್ಲಿ ಹಾಡಿದ ಕಲುಶ್ ಆರ್ಕೆಸ್ಟ್ರಾ ಹಾಗೆ ಗೆದ್ದವರು. ಅರ್ಥದ ಒಂದೇ ಒಂದು ಸಾಲು ಕೈಯಲ್ಲಿದ್ದರೆ ಗೊತ್ತಿಲ್ಲದ ಭಾಷೆಯ ಹಾಡನ್ನು ಕೇಳುವ ಕಿವಿಯೇ ಬೇರೆಯಾಗುತ್ತದೆ.

## ಥೀಮ್, ಅಲಂಕಾರ, ಅಡುಗೆ

ಯಾವ ಥೀಮ್ ಇಟ್ಟುಕೊಂಡರೆ ಒಳ್ಳೆಯದು?

ಮೂರು ಬಗೆಯ ಥೀಮ್‌ಗಳು ಚೆನ್ನಾಗಿ ನಡೆಯುತ್ತವೆ. ಆತಿಥೇಯ ನಗರವನ್ನೇ ಥೀಮ್ ಮಾಡಿಕೊಳ್ಳುವುದು ಎಲ್ಲಕ್ಕಿಂತ ಸುಲಭ. ವಿಯೆನ್ನಾ ಎಂದರೆ ಸೇಬಿನ ಸ್ಟ್ರೂಡಲ್, ಕಾಫಿ, ಕೆಂಪು-ಬಿಳಿ ಬಣ್ಣಗಳು, ಹಿನ್ನೆಲೆಯಲ್ಲಿ ವಾಲ್ಟ್ಸ್ ಸಂಗೀತ, ಅಲ್ಲಿಗೆ ಸಿದ್ಧತೆ ಮುಗಿಯಿತು. ಎರಡನೆಯದು ಹಳೆಯ ಒಂದು ವರ್ಷಕ್ಕೆ ಹಿಂದಿರುಗುವುದು, ಉದಾಹರಣೆಗೆ ಆಬಾ ಗೆದ್ದ 1974ರ ಬ್ರೈಟನ್. ಇದಕ್ಕೆ ಸ್ಪರ್ಧೆಯ ಇತಿಹಾಸ ಬಲ್ಲ ಅತಿಥಿಗಳು ಬೇಕು, ಇಲ್ಲದಿದ್ದರೆ ಅಲಂಕಾರ ಯಾರಿಗೂ ತಾಗುವುದಿಲ್ಲ. ಮೂರನೆಯದು, ನಾವು ಎಲ್ಲರಿಗೂ ಶಿಫಾರಸು ಮಾಡುವುದು, ಪ್ರತಿ ಅತಿಥಿಗೂ ಒಂದೊಂದು ದೇಶ ಕೊಡುವ ಪದ್ಧತಿ. ಎರಡು ವಾರ ಮುಂಚೆ ಚೀಟಿ ಎತ್ತಿಸಿ, ಬಂದ ದೇಶದ ಬಣ್ಣದ ಉಡುಗೆ, ಆ ದೇಶದ ಒಂದು ತಿನಿಸು, ಆ ದೇಶದ ಬಗ್ಗೆ ಹೇಳಲು ಒಂದು ಸಂಗತಿ, ಇಷ್ಟನ್ನು ತರುವಂತೆ ಹೇಳುವುದು. ಕೆಲಸ ಹಂಚಿಹೋಗುತ್ತದೆ, ಅದಕ್ಕಿಂತ ಮುಖ್ಯವಾಗಿ, ಮೊಲ್ಡೋವಾ ಎಲ್ಲಿದೆ ಎಂದು ನಕ್ಷೆಯಲ್ಲಿ ಹುಡುಕದವರು ಕೂಡ ಆ ರಾತ್ರಿ ಮೊಲ್ಡೋವಾಕ್ಕೆ ಅಂಕ ಬಂದಾಗ ಕುರ್ಚಿಯಿಂದ ಏಳುತ್ತಾರೆ.

ಬಾವುಟಗಳನ್ನು ಮನೆಯಲ್ಲೇ ಮುದ್ರಿಸಿ ತೋರಣ ಕಟ್ಟಬಹುದಾ?

ಕಟ್ಟಬಹುದು, ಆದರೆ ಎಚ್ಚರಿಕೆಯಿಂದ. ನೆದರ್‌ಲೆಂಡ್ಸ್ ಮತ್ತು ಲಕ್ಸೆಂಬರ್ಗ್ ಬಾವುಟಗಳಲ್ಲಿ ಒಂದೇ ಕ್ರಮದ ಕೆಂಪು, ಬಿಳಿ, ನೀಲಿ ಪಟ್ಟೆಗಳಿವೆ, ಲಕ್ಸೆಂಬರ್ಗಿನ ನೀಲಿ ಮಾತ್ರ ತಿಳಿಯಾದುದು. ಆಸ್ಟ್ರಿಯಾದ ಮೂರು ಪಟ್ಟೆಗಳು ಸಮಾನ ಅಗಲ; ಲಾತ್ವಿಯಾದ ಕೆಂಪು ಗಾಢ, ನಡುವಿನ ಬಿಳಿ ಕಿರಿದು. ರೊಮೇನಿಯಾ ಮತ್ತು ಮೊಲ್ಡೋವಾಗಳ ವ್ಯತ್ಯಾಸ ಮೊಲ್ಡೋವಾ ಬಾವುಟದ ನಡುವಿನ ಲಾಂಛನದಲ್ಲಿದೆ. ಪೋಲೆಂಡಿನದು ಬಿಳಿ ಮೇಲೆ, ಕೆಂಪು ಕೆಳಗೆ. ಸ್ವಿಟ್ಜರ್ಲೆಂಡಿನದು ಚೌಕಾಕಾರ. ಅತಿಥಿಗಳಲ್ಲಿ ಆ ದೇಶದ ಸಹೋದ್ಯೋಗಿಯೊಬ್ಬರು ಇದ್ದರೆ ತಲೆಕೆಳಗಾದ ಬಾವುಟ ಅವರಿಗೆ ನೋವು ತರುತ್ತದೆ. ಕೂಟ ಮುಗಿದ ಮೇಲೆ ಕಾಗದದ ಬಾವುಟಗಳನ್ನು ನೆಲದ ಮೇಲೆ ತುಳಿದಾಡಲು ಬಿಡದೆ ತೆಗೆದಿಡುವುದು ಒಳ್ಳೆಯ ಪದ್ಧತಿ.

ವೇಷ ಹಾಕಿಕೊಂಡು ಬರಲು ಹೇಳಿದರೆ ಜನ ಹಿಂಜರಿಯುತ್ತಾರೆ. ಸುಲಭವಾದದ್ದು ಏನಾದರೂ ಇದೆಯಾ?

ಬಣ್ಣ ಹೇಳಿರಿ, ವೇಷ ಹೇಳಬೇಡಿರಿ. ಹಳದಿ-ನೀಲಿ ಸೀರೆ ಅಥವಾ ಕುರ್ತಾ ಎಂದರೆ ಸ್ವೀಡನ್, ಹಸಿರು-ಬಿಳಿ-ಕೆಂಪು ಎಂದರೆ ಇಟಲಿ. ಇಂಥವು ಎಲ್ಲರ ಬೀರುವಿನಲ್ಲೂ ಸಿಗುತ್ತವೆ. ಉತ್ಸಾಹ ಇರುವವರಿಗೆ ಹಳೆಯ ಪ್ರದರ್ಶನಗಳು ದಾರಿ ತೋರುತ್ತವೆ: 2023ರಲ್ಲಿ ಫಿನ್‌ಲೆಂಡಿನ ಕ್ಯಾರಿಯಾ ತೊಟ್ಟಿದ್ದ ಕಣ್ಣು ಕೋರೈಸುವ ಹಸಿರು ತೋಳುಗಳು, 2007ರಲ್ಲಿ ಉಕ್ರೇನಿನ ವೆರ್ಕಾ ಸೆರ್ದುಚ್ಕಾ ಧರಿಸಿದ್ದ ಬೆಳ್ಳಿಬಣ್ಣದ ಉಡುಪು ಮತ್ತು ತಲೆಯ ಮೇಲಿನ ನಕ್ಷತ್ರ, 2006ರಲ್ಲಿ ಗೆದ್ದ ಲೊರ್ದಿ ತಂಡದ ದೈತ್ಯ ಮುಖವಾಡಗಳು. ನಕ್ಷತ್ರವನ್ನು ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯಲ್ಲೇ ಮಾಡಬಹುದು. ಒಂದು ದೇಶದ ಜನರನ್ನು ಗೇಲಿ ಮಾಡುವಂಥ ವೇಷ ಮಾತ್ರ ಬೇಡ.

ಇಪ್ಪತ್ತಾರು ದೇಶಗಳ ಅಡುಗೆ ಮಾಡುವುದು ಹೇಗೆ?

ಮಾಡಬೇಕಾಗಿಲ್ಲ. ಆರರಿಂದ ಎಂಟು ಬಗೆ ಇದ್ದರೆ ಮೇಜು ತುಂಬುತ್ತದೆ. ತಿನಿಸನ್ನು ಆರಿಸುವಾಗ ಎರಡು ನಿಯಮ ಪಾಲಿಸಿರಿ: ಒಂದೇ ಕೈಯಲ್ಲಿ ಹಿಡಿದು ತಿನ್ನುವಂತಿರಬೇಕು, ಆರಿದರೂ ರುಚಿ ಕೆಡಬಾರದು. ಇನ್ನೊಂದು ಕೈಯಲ್ಲಿ ಅಂಕಪಟ್ಟಿ ಇರುತ್ತದೆ. ಜಾರ್ಜಿಯಾದ ಚೀಸ್ ತುಂಬಿದ ರೊಟ್ಟಿ ಖಾಚಾಪುರಿ, ಗ್ರೀಸಿನ ಪಾಲಕ್ ತುಂಬಿದ ಸ್ಪನಕೋಪಿಟಾ, ಫಿನ್‌ಲೆಂಡಿನ ರೈ ಹಿಟ್ಟಿನ ಕವಚದೊಳಗೆ ಅಕ್ಕಿ ಗಂಜಿ ತುಂಬಿ ಬೇಯಿಸುವ ಕರೇಲಿಯನ್ ಕಡುಬು, ಪೋರ್ಚುಗಲ್ಲಿನ ಕಸ್ಟರ್ಡ್ ತುಂಬಿದ ಪಾಸ್ಟೆಲ್ ದೆ ನಾತಾ, ಅಜರ್‌ಬೈಜಾನಿನ ಪಖ್ಲವಾ ಎಲ್ಲವೂ ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ಸ್ವೀಡನ್ನಿನ ದಾಲ್ಚಿನ್ನಿ ಬನ್ನಿನ ಹಿಟ್ಟಿಗೆ ಏಲಕ್ಕಿ ಹಾಕುವುದರಿಂದ ನಮ್ಮ ಹಿರಿಯರಿಗೂ ಅದರ ಪರಿಮಳ ಮೆಚ್ಚುಗೆಯಾಗುತ್ತದೆ. ಸ್ವಿಟ್ಜರ್ಲೆಂಡಿನ ಕರಗಿಸಿದ ಚೀಸಿನ ಫೋಂಡ್ಯೂ ರುಚಿಕರವಾದರೂ ಎಲ್ಲರೂ ಪಾತ್ರೆಯ ಸುತ್ತ ಕುಳಿತು ತಿನ್ನಬೇಕಾದ ಊಟವಾದ್ದರಿಂದ ಈ ರಾತ್ರಿಗೆ ಹೊಂದುವುದಿಲ್ಲ. ಅದರ ಬದಲು ಆಲೂಗಡ್ಡೆ ತುರಿದು ಕಾವಲಿಯ ಮೇಲೆ ಕೆಂಪಗೆ ಮಾಡುವ ರೋಸ್ಟಿಯ ಸಣ್ಣ ಬಿಲ್ಲೆಗಳನ್ನು ಮಾಡಿರಿ.

ಊಟದ ಹೊತ್ತೂ ಮುಖ್ಯ. ಹೊಟ್ಟೆ ತುಂಬುವಂಥದ್ದು ಆರಂಭಕ್ಕೆ ಮುಂಚೆ, ಕುರುಕಲು ಹಾಡುಗಳ ನಡುವೆ, ಸಿಹಿ ಮತ್ತು ಕಾಫಿ ಹಾಡುಗಳು ಮುಗಿದು ಎಣಿಕೆ ಆರಂಭವಾಗುವ ವಿರಾಮದಲ್ಲಿ. ಆ ವಿರಾಮದಲ್ಲೂ ಒಂದು ಕಣ್ಣು ಪರದೆಯ ಮೇಲಿರಲಿ: ಜಗತ್ತಿನಾದ್ಯಂತ ಹೆಸರಾದ ರಿವರ್‌ಡ್ಯಾನ್ಸ್ ಎಂಬ ಐರಿಷ್ ನೃತ್ಯ ಮೊದಲು ಕಾಣಿಸಿಕೊಂಡದ್ದು 1994ರ ಡಬ್ಲಿನ್ ಸ್ಪರ್ಧೆಯ ವಿರಾಮದಲ್ಲೇ.

ನಮ್ಮಲ್ಲಿ ಅರ್ಧ ಜನ ಸಸ್ಯಾಹಾರಿಗಳು. ಯೂರೋಪಿನ ತಿನಿಸುಗಳಲ್ಲಿ ಏನನ್ನು ನೋಡಿಕೊಳ್ಳಬೇಕು?

ಮಾಂಸ ಕಾಣದಿದ್ದರೆ ಸಸ್ಯಾಹಾರ ಎಂದು ತಿಳಿಯಬಾರದು. ಪಾರ್ಮೆಸಾನ್ ಮುಂತಾದ ಹಲವು ಸಾಂಪ್ರದಾಯಿಕ ಚೀಸ್‌ಗಳನ್ನು ಕರುವಿನ ಜಠರದಿಂದ ತೆಗೆದ ರೆನೆಟ್‌ನಿಂದ ಹೆಪ್ಪುಗಟ್ಟಿಸುತ್ತಾರೆ. ಜಿಗುಟಾದ ಸಿಹಿಗಳಲ್ಲಿ ಜೆಲಟಿನ್, ಕೆಲವು ಹಿಟ್ಟಿನ ತಿನಿಸುಗಳಲ್ಲಿ ಹಂದಿಯ ಕೊಬ್ಬು ಇರುತ್ತದೆ. ಸ್ಪೇನಿನ ಆಲೂಗಡ್ಡೆಯ ತೊರ್ತಿಯಾದಲ್ಲಿ ಮೊಟ್ಟೆಯೇ ಪ್ರಧಾನ. ಗ್ರೀಸಿನ ತ್ಸಾತ್ಸಿಕಿ, ಅಂದರೆ ಸೌತೆಕಾಯಿ ಮತ್ತು ಬೆಳ್ಳುಳ್ಳಿ ಹಾಕಿದ ಗಟ್ಟಿ ಮೊಸರು, ಮತ್ತು ಬಾಲ್ಕನ್ ನಾಡಿನ ಕೆಂಪು ಮೆಣಸಿನಕಾಯಿಯ ಐವಾರ್ ಗೊಜ್ಜು ಎಲ್ಲರೂ ತಿನ್ನಬಹುದಾದವು. ಪ್ರತಿ ತಟ್ಟೆಯ ಮುಂದೆ ದೇಶದ ಹೆಸರಿನ ಜೊತೆಗೆ ಮೊಟ್ಟೆ ಇದೆ, ಮಾಂಸ ಇದೆ, ಎರಡೂ ಇಲ್ಲ ಎಂದು ಬರೆದಿಡಿರಿ. ಹಿರಿಯರು ಪ್ರತಿಯೊಂದನ್ನೂ ಕೇಳುವ ಮುಜುಗರ ತಪ್ಪುತ್ತದೆ.

ನಾವು ಬೆಂಗಳೂರಿನಲ್ಲಿ ನೋಡುವವರು. ನಮ್ಮ ತಿಂಡಿಯನ್ನೇ ಇಟ್ಟರೆ ಥೀಮ್ ಕೆಡುತ್ತದಾ?

ಕೆಡುವುದಿಲ್ಲ. ನಡುರಾತ್ರಿ ಎರಡೂವರೆಗೆ ಹಸಿದವರಿಗೆ ಬೇಕಾಗುವುದು ಬಿಸಿ ಉಪ್ಪಿಟ್ಟು ಅಥವಾ ಬಿಸಿಬೇಳೆಬಾತು. ಯೂರೋಪಿನ ಒಂದೆರಡು ಸಿಹಿಗಳನ್ನು ಬೇಕರಿಯಿಂದ ತರಿಸಿ, ಉಳಿದದ್ದನ್ನು ಮನೆಯಲ್ಲೇ ಮಾಡಿರಿ. ನಾಲ್ಕೂವರೆಗೆ ಫಲಿತಾಂಶ ಬರುವ ಹೊತ್ತಿಗೆ ಫಿಲ್ಟರ್ ಕಾಫಿ ಸಿದ್ಧವಿರಲಿ. ಬಂದವರು ಆ ಹೊತ್ತಿನಲ್ಲಿ ನಿದ್ದೆಗಣ್ಣಿನಲ್ಲಿ ಗಾಡಿ ಓಡಿಸಿಕೊಂಡು ಹೋಗದೆ ಬೆಳಗಾಗುವವರೆಗೆ ಮಲಗಲು ಹಾಸಿಗೆಯ ವ್ಯವಸ್ಥೆಯನ್ನೂ ಮಾಡಿರಿ.

## ಅಂಕ ಮತ್ತು ಆಟಗಳು

ಆ ಮತ ಎಣಿಕೆ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಬಂದವರಿಗೆ ಹೇಗೆ ವಿವರಿಸಲಿ?

ಪ್ರತಿ ದೇಶವೂ ಎರಡು ಸಲ ಅಂಕ ಕೊಡುತ್ತದೆ: ಸಂಗೀತ ವೃತ್ತಿಯವರ ತೀರ್ಪುಗಾರ ಮಂಡಳಿ ಒಮ್ಮೆ, ವೀಕ್ಷಕರು ಒಮ್ಮೆ. ಎರಡರಲ್ಲೂ ತಮ್ಮ ಮೆಚ್ಚಿನ ಹತ್ತು ಹಾಡುಗಳಿಗೆ 12, 10, ನಂತರ 8ರಿಂದ 1ರವರೆಗೆ ಅಂಕ. ಈ ಅಂಕಕ್ರಮ 1975ರಿಂದ ಇದೆ. ಎರಡನ್ನೂ ಬೇರೆ ಬೇರೆಯಾಗಿ ಘೋಷಿಸುವ ಪದ್ಧತಿ 2016ರಿಂದ ಬಂದಿದೆ. ಯಾರೂ ತಮ್ಮ ದೇಶಕ್ಕೆ ತಾವೇ ಮತ ಹಾಕುವಂತಿಲ್ಲ. ಮೊದಲು ಒಂದೊಂದು ರಾಜಧಾನಿಯನ್ನು ಸಂಪರ್ಕಿಸಿ ತೀರ್ಪುಗಾರರ ಅಂಕ ಕೇಳುತ್ತಾರೆ. ಅದು ಮುಗಿದ ಮೇಲೆ ಎಲ್ಲ ದೇಶಗಳ ವೀಕ್ಷಕರು ಒಂದು ಹಾಡಿಗೆ ಕೊಟ್ಟ ಒಟ್ಟು ಅಂಕವನ್ನು ಒಂದೇ ಉಸಿರಿನಲ್ಲಿ, ತೀರ್ಪುಗಾರರ ಪಟ್ಟಿಯ ಕೊನೆಯ ಸ್ಥಾನದಿಂದ ಮೇಲಕ್ಕೆ ಹೇಳುತ್ತಾ ಬರುತ್ತಾರೆ.

ಇದರ ಪರಿಣಾಮವನ್ನು 2022ರ ಉದಾಹರಣೆಯಿಂದ ತಿಳಿಸಿರಿ. ತೀರ್ಪುಗಾರರ ಅಂಕ ಮುಗಿದಾಗ ಬ್ರಿಟನ್ನಿನ ಸ್ಯಾಮ್ ರೈಡರ್ 283 ಅಂಕಗಳೊಂದಿಗೆ ಮುಂದಿದ್ದರು, ಉಕ್ರೇನ್ 192ರಲ್ಲಿ ನಾಲ್ಕನೆಯ ಸ್ಥಾನದಲ್ಲಿತ್ತು. ವೀಕ್ಷಕರು ಉಕ್ರೇನಿಗೆ 439 ಅಂಕ ಕೊಟ್ಟರು. ಒಟ್ಟು 631ರೊಂದಿಗೆ ಉಕ್ರೇನ್ ಗೆದ್ದಿತು, ಬ್ರಿಟನ್ 466ರೊಂದಿಗೆ ಎರಡನೆಯದಾಯಿತು. ಕೊನೆಯ ನಿಮಿಷದವರೆಗೂ ಯಾರೂ ಎದ್ದುಹೋಗಬಾರದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ನಮ್ಮ ಮನೆಯ ಅಂಕಪಟ್ಟಿ ಹೇಗಿರಬೇಕು? ಹತ್ತಕ್ಕೆ ಇಷ್ಟು ಎಂದು ಕೊಟ್ಟರೆ ಸಾಲದಾ?

ಹಾಡು ನಡೆಯುವಾಗ ಹತ್ತಕ್ಕೆ ಇಷ್ಟು ಎಂದು ಗುರುತು ಹಾಕಿಕೊಳ್ಳಲಿ, ಆದರೆ ಆ ಅಂಕಗಳನ್ನೇ ಕೂಡಿಸಬೇಡಿರಿ. ಧಾರಾಳಿಯೊಬ್ಬರು ಎಲ್ಲರಿಗೂ ಎಂಟು ಒಂಬತ್ತು ಕೊಡುತ್ತಾರೆ, ಕಟ್ಟುನಿಟ್ಟಿನವರು ಎರಡರಿಂದ ಐದರೊಳಗೆ ನಿಲ್ಲುತ್ತಾರೆ. ಕೂಡಿಸಿದರೆ ಯಾರ ಅಂಕಗಳಲ್ಲಿ ಏರಿಳಿತ ಹೆಚ್ಚೋ ಅವರ ಮಾತೇ ನಡೆಯುತ್ತದೆ. ಎಲ್ಲ ಹಾಡುಗಳೂ ಮುಗಿದ ಮೇಲೆ ಪ್ರತಿಯೊಬ್ಬರೂ ತಮ್ಮ ಗುರುತುಗಳನ್ನು ನೋಡಿ ಹತ್ತು ಹಾಡುಗಳನ್ನು ಆರಿಸಿ, ಸ್ಪರ್ಧೆಯ ಕ್ರಮದಲ್ಲೇ 12, 10, 8ರಿಂದ 1 ಹಂಚಬೇಕು. ಆಗ ಎಲ್ಲರ ಮತಕ್ಕೂ ಸಮಾನ ತೂಕ ಬರುತ್ತದೆ. ಐದಾರು ಜನರೇ ಇದ್ದರೆ ಐದು ಹಾಡುಗಳಿಗೆ 5ರಿಂದ 1ರವರೆಗೆ ಕೊಟ್ಟರೆ ಸಾಕು.

ಪಟ್ಟಿಯಲ್ಲಿ ಪ್ರತಿ ಹಾಡಿಗೂ ಗಾಯನ, ಹಾಡು, ವೇದಿಕೆಯ ಕಲ್ಪನೆ ಎಂಬ ಮೂರು ಕಲಂಗಳಿರಲಿ, ಒಂದು ಸಾಲು ಬರೆದುಕೊಳ್ಳಲು ಜಾಗವಿರಲಿ. ಇಪ್ಪತ್ತನೆಯ ಹಾಡು ಬರುವ ಹೊತ್ತಿಗೆ ಮೂರನೆಯದು ಮರೆತಿರುತ್ತದೆ, ಆ ಒಂದು ಸಾಲೇ ನೆನಪಿಸುತ್ತದೆ. ಮನೆಯ ಅಂಕಗಳನ್ನೂ ಎರಡು ಭಾಗ ಮಾಡಬಹುದು: ದೊಡ್ಡವರು ತೀರ್ಪುಗಾರರು, ಮಕ್ಕಳು ವೀಕ್ಷಕರು. ಮಕ್ಕಳ ಅಂಕವನ್ನು ಕೊನೆಗೆ ಘೋಷಿಸಿರಿ, ಅವರ ಕೈಯಲ್ಲಿ ಫಲಿತಾಂಶ ತಲೆಕೆಳಗಾದಾಗ ಅವರ ಮುಖ ನೋಡಬೇಕು. ಸಮಾನ ಅಂಕ ಬಂದರೆ ಹೆಚ್ಚು 12 ಪಡೆದ ಹಾಡು ಗೆದ್ದಂತೆ ಎಂದು ಮೊದಲೇ ಹೇಳಿಬಿಡಿರಿ; 1969ರಲ್ಲಿ ಇಂಥ ನಿಯಮವಿಲ್ಲದೆ ಸ್ಪೇನ್, ಬ್ರಿಟನ್, ನೆದರ್‌ಲೆಂಡ್ಸ್, ಫ್ರಾನ್ಸ್ ನಾಲ್ಕನ್ನೂ ವಿಜೇತರೆಂದು ಘೋಷಿಸಬೇಕಾಯಿತು.

ಚೀಟಿ ಎತ್ತಿಸಿದಾಗ ಕೆಲವರಿಗೆ ಗೆಲ್ಲುವ ದೇಶ, ಕೆಲವರಿಗೆ ಕೊನೆಯ ದೇಶ ಬರುತ್ತದೆ. ಬೇಸರ ಮಾಡಿಕೊಳ್ಳುತ್ತಾರೆ.

ಚೀಟಿಗಳನ್ನು ಎರಡು ಡಬ್ಬಿ ಮಾಡಿರಿ. ಗೆಲ್ಲಬಹುದೆಂದು ಎಲ್ಲೆಡೆ ಮಾತಿರುವ ಹದಿಮೂರು ದೇಶಗಳು ಒಂದರಲ್ಲಿ, ಉಳಿದವು ಇನ್ನೊಂದರಲ್ಲಿ. ಪ್ರತಿಯೊಬ್ಬರೂ ಎರಡರಿಂದಲೂ ಒಂದೊಂದು ಎತ್ತಲಿ. ಬಹುಮಾನವನ್ನು ಮೊದಲ ಸ್ಥಾನಕ್ಕೆ ಮಾತ್ರ ಇಡದೆ ಕೊನೆಯ ಸ್ಥಾನಕ್ಕೂ, ತೀರ್ಪುಗಾರರ ಮತ್ತು ವೀಕ್ಷಕರ ಅಂಕಗಳ ನಡುವೆ ಅತಿ ಹೆಚ್ಚು ಅಂತರವಿರುವ ದೇಶಕ್ಕೂ ಇಡಿರಿ. ಹಣ ಕಟ್ಟಿ ಆಡುವುದು ಬೇಡ, ಮಕ್ಕಳಿರುವ ಮನೆಯಲ್ಲಿ ಖಂಡಿತ ಬೇಡ.

ಬಿಂಗೋ ಆಡಿಸಿದರೆ ಎಲ್ಲರೂ ಹಾಡು ಬಿಟ್ಟು ಕಾರ್ಡನ್ನೇ ನೋಡುತ್ತಿರುತ್ತಾರೆ. ಏನು ಮಾಡುವುದು?

ಕಾರ್ಡಿನ ಚೌಕಗಳಲ್ಲಿ ಬರೆದ ಸಂಗತಿ ಕಾರ್ಯಕ್ರಮದಲ್ಲಿ ಬಂದಾಗ ಗುರುತು ಹಾಕುವುದೇ ಈ ಬಿಂಗೋ. ಗಮನವಿಟ್ಟು ಕೇಳಿದವರಿಗೆ ಮಾತ್ರ ಸಿಗುವ ಸಂಗತಿಗಳನ್ನು ಕಾರ್ಡಿನಲ್ಲಿ ಬರೆಯಿರಿ: ಕೊನೆಯ ಚರಣದಲ್ಲಿ ಶ್ರುತಿ ಏರಿತು, ಹಾಡಿನ ನಡುವೆ ಭಾಷೆ ಬದಲಾಯಿತು, ಜಾನಪದ ವಾದ್ಯದ ಧ್ವನಿ ಕೇಳಿತು, ಗಾಯಕರು ಬರಿಗಾಲಲ್ಲಿ ನಿಂತರು. ಬೆಂಕಿಯ ಚಿಲುಮೆ, ಕೂದಲು ಹಾರಿಸುವ ಫ್ಯಾನು ಕಾರ್ಡಿನ ಒಂದೆರಡು ಚೌಕಗಳಲ್ಲಿ ಇರಲಿ. ಇದನ್ನು ಕುಡಿತದ ಆಟವಾಗಿ ಮಾಡುವ ರೂಢಿ ಕೆಲವೆಡೆ ಇದೆ. ನಾಲ್ಕು ಗಂಟೆಯ ಕಾರ್ಯಕ್ರಮದಲ್ಲಿ ಅದು ಅಪಾಯಕರ, ಎಣಿಕೆಯ ಹೊತ್ತಿಗೆ ಅರ್ಧ ಜನಕ್ಕೆ ಏನೂ ತಿಳಿಯದಂತಾಗುತ್ತದೆ.

## ಬಗೆಬಗೆಯ ಅತಿಥಿಗಳು

ಊರಿನಿಂದ ಅಪ್ಪ-ಅಮ್ಮ ಬಂದಿದ್ದಾರೆ. ಅವರಿಗೆ ಈ ಗದ್ದಲ ಹಿಡಿಸುತ್ತದಾ?

ಬೇಸಿಗೆಯಲ್ಲಿ ಮಕ್ಕಳ ಮನೆಗೆ ಬಂದಿರುವ ಹಿರಿಯರ ಬಗ್ಗೆ ಈ ಪ್ರಶ್ನೆ ಪ್ರತಿವರ್ಷ ಬರುತ್ತದೆ. ಅವರನ್ನು ಮೂಲೆಯ ಸೋಫಾದಲ್ಲಿ ಕೂರಿಸಿ ಟೀ ಕೊಟ್ಟರೆ ಖಂಡಿತ ಬೇಸರವಾಗುತ್ತದೆ. ಅಂಕಪಟ್ಟಿ ಕೊಟ್ಟು ಮುಂದಿನ ಸಾಲಿನಲ್ಲಿ ಕೂರಿಸಿರಿ. ಸಂಗೀತ ಕೇಳಿ ಬೆಳೆದವರ ಕಿವಿ ಬಹಳ ಸೂಕ್ಷ್ಮ. ವಾದ್ಯಗಳೆಲ್ಲ ಮೊದಲೇ ಧ್ವನಿಮುದ್ರಿಸಿದ್ದು, ಮುಖ್ಯ ಗಾಯನ ಮಾತ್ರ ಆ ಕ್ಷಣದ್ದು ಎಂದು ಹೇಳಿದರೆ ಅವರು ಶ್ರುತಿ ಎಲ್ಲಿ ಜಾರಿತು, ಉಸಿರು ಎಲ್ಲಿ ಸಾಲಲಿಲ್ಲ ಎಂದು ಹಿಡಿಯತೊಡಗುತ್ತಾರೆ. ಅವರಿಗೆ ಇಷ್ಟವಾಗುವ ಧ್ವನಿಗಳೂ ಈ ವೇದಿಕೆಯಲ್ಲಿ ಬಂದಿವೆ: 2021ರಲ್ಲಿ ಉಕ್ರೇನಿನ ಗೋ-ಎ ತಂಡದ ತೆರೆದ ಕಂಠದ ಹಳ್ಳಿ ಹಾಡುಗಾರಿಕೆ, 2019ರಲ್ಲಿ ನಾರ್ವೆಯ ಕೇಯಿನೋ ತಂಡ ಅಳವಡಿಸಿಕೊಂಡ, ಉತ್ತರ ಯೂರೋಪಿನ ಮೂಲನಿವಾಸಿಗಳಾದ ಸಾಮಿ ಜನರ ಯೋಯಿಕ್ ಎಂಬ ಹಾಡುಗಾರಿಕೆ, 2025ರಲ್ಲಿ ಜೆಜೆಯವರ ಎತ್ತರದ ಸ್ಥಾಯಿಯ ಒಪೆರಾ ಗಾಯನ. ಕೂಟಕ್ಕೆ ಮುಂಚಿನ ಒಂದು ಸಂಜೆ ಇವನ್ನು ಕೇಳಿಸಿರಿ. ಒಂಬತ್ತಕ್ಕೆ ಮಲಗುವ ಅಭ್ಯಾಸವಿರುವವರಿಗೆ ಹಾಡುಗಳು ಮುಗಿದ ಕೂಡಲೇ ಅಂಕ ಬರೆಸಿಕೊಂಡು, ಫಲಿತಾಂಶವನ್ನು ಬೆಳಿಗ್ಗೆ ತಿಳಿಸಬಹುದು.

ಮಕ್ಕಳನ್ನು ಅಷ್ಟು ಹೊತ್ತು ಎಚ್ಚರವಾಗಿ ಇಡುವುದು ಸರಿಯಾ?

ಅದು ತಂದೆತಾಯಂದಿರ ತೀರ್ಮಾನ. ಚಿಕ್ಕ ಮಕ್ಕಳಿಗೆ ಸೆಮಿಫೈನಲ್ ವೀಡಿಯೊವನ್ನು ಮರುದಿನ ಸಂಜೆ ತೋರಿಸಿದರೆ ಅಂಕ ಕೊಡುವ ಸಂತೋಷ ಪೂರ್ತಿ ಸಿಗುತ್ತದೆ. ವೇದಿಕೆಯ ಮೇಲೆ ಮಿಂಚುವ ಬೆಳಕು ಬಹಳ ಇರುತ್ತದೆ. ಬೆಳಕಿನ ಮಿಡಿತದಿಂದ ಮೂರ್ಛೆ ಬರುವ ತೊಂದರೆ ಇರುವವರು ಬರುತ್ತಿದ್ದರೆ, ಅವರ ವಯಸ್ಸು ಎಷ್ಟೇ ಇರಲಿ, ಮೊದಲೇ ತಿಳಿಸಬೇಕು.

ಈ ಸ್ಪರ್ಧೆಯಲ್ಲಿ ರಾಜಕೀಯ ಬೆರೆತಿದೆಯಲ್ಲ, ಅತಿಥಿಗಳ ನಡುವೆ ವಾಗ್ವಾದ ಆದರೆ?

ಬೆರೆತಿರುವುದು ನಿಜ, ಇಲ್ಲವೆಂದು ನಟಿಸುವುದರಿಂದ ಪ್ರಯೋಜನವಿಲ್ಲ. 2022ರಲ್ಲಿ ರಷ್ಯಾವನ್ನು ಹೊರಗಿಡಲಾಯಿತು. ಇಸ್ರೇಲ್ ಭಾಗವಹಿಸುವ ಪ್ರಶ್ನೆಯ ಮೇಲೆ ಸ್ಪೇನ್, ಐರ್ಲೆಂಡ್, ನೆದರ್‌ಲೆಂಡ್ಸ್, ಸ್ಲೊವೇನಿಯಾ, ಐಸ್‌ಲೆಂಡ್ ದೇಶಗಳ ಪ್ರಸಾರ ಸಂಸ್ಥೆಗಳು 2026ರಿಂದ ಹಿಂದೆ ಸರಿದವು. ಈ ಕಾರಣಕ್ಕೆ ಕೂಟಕ್ಕೆ ಬರಲು ಒಪ್ಪದ ಸ್ನೇಹಿತರಿದ್ದರೆ ಅವರ ನಿಲುವನ್ನು ಗೌರವಿಸಿರಿ, ಒತ್ತಾಯಿಸಬೇಡಿರಿ. ಬಂದವರ ನಡುವೆ ಮಾತು ಎದ್ದರೆ ವಿರಾಮದಲ್ಲಿ ಆಗಲಿ, ಹಾಡಿನ ನಡುವೆ ಬೇಡ ಎಂಬ ಮಿತಿ ಸಾಕು. ಆಯಾ ದೇಶದವರು ಕೋಣೆಯಲ್ಲಿದ್ದರೆ ಅವರ ಸರ್ಕಾರದ ಲೆಕ್ಕವನ್ನು ಅವರ ಮೇಲೆ ಹಾಕದಂತೆ ನೋಡಿಕೊಳ್ಳುವುದು ಮನೆಯವರ ಕರ್ತವ್ಯ.

ನೆರೆಯ ದೇಶಗಳು ಪರಸ್ಪರ ಅಂಕ ಕೊಡುತ್ತವೆ ಎಂಬ ದೂರು ಬೇರೆ ಬಗೆಯದು. ಗ್ರೀಸ್ ಮತ್ತು ಸೈಪ್ರಸ್ 12 ವಿನಿಮಯ ಮಾಡಿಕೊಳ್ಳುವುದು ಎಲ್ಲರಿಗೂ ಗೊತ್ತು. ಒಂದೇ ಭಾಷೆ, ಒಂದೇ ಬಗೆಯ ಸಂಗೀತ, ಒಂದೇ ಗಾಯಕರನ್ನು ಕೇಳುವ ಜನ ಒಂದೇ ಹಾಡನ್ನು ಮೆಚ್ಚಿದರೆ ಅದರಲ್ಲಿ ಮೋಸ ಹುಡುಕಬೇಕಾಗಿಲ್ಲ. ಯಾರು ಯಾರಿಗೆ 12 ಕೊಡುತ್ತಾರೆ ಎಂದು ಮೊದಲೇ ಊಹಿಸಿ ಬರೆಯುವ ಆಟ ಮಾಡಿಕೊಳ್ಳಿರಿ.

ಅಪಾರ್ಟ್‌ಮೆಂಟಿನಲ್ಲಿ ಇದ್ದೇವೆ. ನೆರೆಯವರು ದೂರು ಕೊಟ್ಟರೆ?

ಜರ್ಮನಿಯಲ್ಲಿ ಸಾಮಾನ್ಯವಾಗಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಸದ್ದು ಮಾಡುವಂತಿಲ್ಲ, ಫೈನಲ್ ಮುಗಿಯುವುದು ನಡುರಾತ್ರಿ ಒಂದಕ್ಕೆ. ಒಂದು ವಾರ ಮುಂಚೆ ಮೇಲಿನ, ಕೆಳಗಿನ ಮನೆಯವರಿಗೆ ಚೀಟಿ ಹಾಕಿ ತಿಳಿಸಿರಿ. ಕರೆದುಬಿಟ್ಟರೆ ಇನ್ನೂ ಒಳ್ಳೆಯದು. ಕಿಟಕಿ ಮುಚ್ಚಿ, ಚಪ್ಪಾಳೆಯ ಬದಲು ಬಾವುಟ ಬೀಸುವ ನಿಯಮವನ್ನು ಹತ್ತು ಗಂಟೆಯ ನಂತರ ಜಾರಿಗೆ ತನ್ನಿರಿ.

## ದೊಡ್ಡ ಕೂಟ, ತಾಂತ್ರಿಕ ವಿಷಯಗಳು

ನಮ್ಮ ಪರದೆಯಲ್ಲಿ ಬರುವ ಮುಂಚೆಯೇ ಯಾರದೋ ಫೋನಿನಲ್ಲಿ ಫಲಿತಾಂಶ ಬಂದುಬಿಡುತ್ತದೆ. ಯಾಕೆ?

ಇಂಟರ್‌ನೆಟ್ ಮೂಲಕ ಬರುವ ಪ್ರಸಾರ ಆಂಟೆನಾ ಅಥವಾ ಉಪಗ್ರಹದ ಪ್ರಸಾರಕ್ಕಿಂತ ಹಿಂದಿರುತ್ತದೆ, ಕೆಲವೊಮ್ಮೆ ಅರ್ಧ ನಿಮಿಷದಷ್ಟು ಅಥವಾ ಅದಕ್ಕೂ ಹೆಚ್ಚು. ಟೀವಿ ಸಂಪರ್ಕ ಇದ್ದರೆ ಅದನ್ನೇ ಬಳಸಿರಿ. ಇಲ್ಲದಿದ್ದರೆ ಎಣಿಕೆಯ ಹೊತ್ತಿಗೆ ಫೋನುಗಳೆಲ್ಲ ಒಂದು ಬುಟ್ಟಿಗೆ ಹೋಗಲಿ. ಮತ ಹಾಕುವವರು ಅದಕ್ಕೂ ಮುಂಚೆ ಹಾಕಿ ಮುಗಿಸಲಿ. 2024 ಮತ್ತು 2025ರ ಫೈನಲ್‌ಗಳಲ್ಲಿ ಮೊದಲ ಹಾಡಿನಿಂದಲೇ ಮತದಾನ ತೆರೆದಿತ್ತು. ಮತಕ್ಕೆ ಹಣ ತಗಲುತ್ತದೆ ಎಂಬುದನ್ನು ಮಕ್ಕಳ ಕೈಗೆ ಫೋನು ಕೊಡುವ ಮುಂಚೆ ನೆನಪಿಡಿರಿ.

ಚಿತ್ರಕ್ಕಿಂತ ಧ್ವನಿಗೆ ಹೆಚ್ಚು ಗಮನ ಕೊಡಿರಿ. ಚಪ್ಪಟೆ ಟೀವಿಯ ಸಣ್ಣ ಸ್ಪೀಕರಿನಲ್ಲಿ ಗಾಯಕರ ಕಂಠ ಹಿನ್ನೆಲೆಯೊಳಗೆ ಮುಳುಗುತ್ತದೆ. ಸಾಧಾರಣ ಸೌಂಡ್‌ಬಾರ್ ಕೂಡ ಇದನ್ನು ಸರಿಪಡಿಸುತ್ತದೆ.

ನಮ್ಮ ಕನ್ನಡ ಸಂಘದಿಂದ ಸಭಾಂಗಣ ಹಿಡಿದು ನೂರು ಜನರಿಗೆ ಮಾಡಬೇಕೆಂದಿದ್ದೇವೆ. ಟಿಕೆಟ್ ಇಡಬಹುದಾ?

ಮನೆಯ ಕೂಟಕ್ಕೂ ಸಾರ್ವಜನಿಕ ಪ್ರದರ್ಶನಕ್ಕೂ ಕಾನೂನಿನಲ್ಲಿ ವ್ಯತ್ಯಾಸವಿದೆ. ಸಭಾಂಗಣದಲ್ಲಿ ತೋರಿಸುವುದಾದರೆ, ವಿಶೇಷವಾಗಿ ಪ್ರವೇಶಕ್ಕೆ ಹಣ ಪಡೆಯುವುದಾದರೆ, ಆ ದೇಶದ ಪ್ರಸಾರ ಸಂಸ್ಥೆಯನ್ನು ತಿಂಗಳುಗಳ ಮುಂಚೆ ಲಿಖಿತವಾಗಿ ಕೇಳಬೇಕು; ಸಭಾಂಗಣಕ್ಕೆ ಸಂಗೀತ ನುಡಿಸುವ ಪರವಾನಗಿ ಇದೆಯೇ ಎಂದೂ ವಿಚಾರಿಸಬೇಕು. ಸ್ಪರ್ಧೆಯ ಅಧಿಕೃತ ಲಾಂಛನವನ್ನು ಭಿತ್ತಿಪತ್ರದಲ್ಲಿ ಅನುಮತಿಯಿಲ್ಲದೆ ಬಳಸಬಾರದು, ನಿಮ್ಮದೇ ವಿನ್ಯಾಸ ಮಾಡಿಕೊಳ್ಳಿರಿ.

ನೂರು ಜನರಲ್ಲಿ ಕಾಗದದ ಅಂಕ ಕೂಡಿಸುವುದು ಆಗದ ಕೆಲಸ. ಎಂಟೆಂಟು ಜನರ ಮೇಜುಗಳನ್ನು ಮಾಡಿ, ಪ್ರತಿ ಮೇಜಿಗೂ ಒಂದು ದೇಶದ ಹೆಸರಿಟ್ಟು, ಮೇಜಿನವರು ಒಮ್ಮತದಿಂದ ಹತ್ತು ಹಾಡು ಆರಿಸಲಿ. ವಿರಾಮದಲ್ಲಿ ಪ್ರತಿ ಮೇಜಿನ ಒಬ್ಬರು ಎದ್ದು ನಿಂತು ತಮ್ಮ 12 ಯಾರಿಗೆ ಎಂದು ಕನ್ನಡದಲ್ಲಿ ಘೋಷಿಸಲಿ. ಉಳಿದ ಅಂಕಗಳನ್ನು ಕಂಪ್ಯೂಟರಿನ ಮುಂದೆ ಕುಳಿತ ಇಬ್ಬರು ತುಂಬಿಸಲಿ. ಒಬ್ಬರು ಓದಿ ಇನ್ನೊಬ್ಬರು ತುಂಬಿದರೆ ತಪ್ಪು ಕಡಿಮೆ.

ರಾತ್ರಿ ಎದ್ದಿರಲು ಆಗುವುದಿಲ್ಲ. ಭಾನುವಾರ ಬೆಳಿಗ್ಗೆ ಕೂಟ ಮಾಡಿ ನೋಡಿದರೆ ಮಜಾ ಇರುತ್ತದಾ?

ಫಲಿತಾಂಶ ಗೊತ್ತಾಗದಿದ್ದರೆ ಇರುತ್ತದೆ. ಕರ್ನಾಟಕದಲ್ಲಿ ಹಲವರಿಗೆ ಇದೇ ಸರಿಯಾದ ದಾರಿ. ತೊಂದರೆ ಏನೆಂದರೆ, ವೀಡಿಯೊ ಹುಡುಕಲು ಯೂಟ್ಯೂಬ್ ತೆರೆದ ಕೂಡಲೇ ವಿಜೇತರ ಚಿತ್ರವೇ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ನೇರಪ್ರಸಾರದ ಪುಟದ ಕೊಂಡಿಯನ್ನು ಶನಿವಾರ ಸಂಜೆಯೇ ಉಳಿಸಿಟ್ಟುಕೊಂಡು, ಬೆಳಿಗ್ಗೆ ಅದನ್ನಷ್ಟೇ ತೆರೆಯಿರಿ. ಸಾಮಾನ್ಯವಾಗಿ ಅದೇ ಕೊಂಡಿಯಲ್ಲಿ ಪೂರ್ತಿ ಕಾರ್ಯಕ್ರಮ ಉಳಿದಿರುತ್ತದೆ. ಕೂಟದಲ್ಲಿ ಆಸಕ್ತಿ ಇಲ್ಲದ ಮನೆಯವರೊಬ್ಬರಿಗೆ ಈ ಕೆಲಸ ವಹಿಸಿದರೆ ಇನ್ನೂ ಕ್ಷೇಮ. ಅತಿಥಿಗಳಿಗೆ ವಾಟ್ಸ್‌ಆ್ಯಪ್ ಗುಂಪುಗಳನ್ನೂ ಸುದ್ದಿತಾಣಗಳನ್ನೂ ತೆರೆಯದೆ ಬರಲು ಹೇಳಿರಿ. ಬೆಳಿಗ್ಗೆ ಎಂಟಕ್ಕೆ ಆರಂಭಿಸಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಎಣಿಕೆ ಮುಗಿಯುತ್ತದೆ. ನಡುವೆ ಬೇಕಾದಾಗ ನಿಲ್ಲಿಸಿ ಕಾಫಿ ಕುಡಿಯಬಹುದು, ಅಂಕ ಬರೆಯಲು ತಡವಾದವರಿಗಾಗಿ ಕಾಯಬಹುದು. ಆದರೆ ಎಣಿಕೆ ಆರಂಭವಾದ ಮೇಲೆ ಮುಂದಕ್ಕೆ ಓಡಿಸಬೇಡಿರಿ.